ಕೈಚೀಲದ ಏಳು ಕಿಲೋ

ಬೆಂಗಳೂರಿನಿಂದ ಲಂಡನ್ನಿಗೆ ಹೊರಡುವ ಬ್ರಿಟಿಷ್ ಏರ್‌ವೇಸ್ ವಿಮಾನದಲ್ಲಿ ಪ್ರಯಾಣಿಕರು ಸೀಟಿನ ತನಕ ಒಯ್ಯುವ ಚೀಲ 23 ಕಿಲೋ ತೂಗಬಹುದು. ಅದನ್ನು ಎತ್ತಿ ಮೇಲಿಡುವ ಶಕ್ತಿ ಅವರಿಗೇ ಇರಬೇಕು, ಅಷ್ಟೆ. ಅದೇ ನಿಲ್ದಾಣದಿಂದ ದುಬೈಗೆ ಹೋಗುವ ಎಮಿರೇಟ್ಸ್‌ನ ಎಕಾನಮಿ ಸೀಟಿಗೆ ಮಿತಿ 7 ಕಿಲೋ. ದೆಹಲಿಗೋ ಮುಂಬೈಗೋ ಹೋಗುವ ಇಂಡಿಗೋದಲ್ಲೂ ಅಷ್ಟೇ. ಲುಫ್ತಾನ್ಸಾದಲ್ಲಿ 8, ಜಪಾನಿನ ಎರಡು ದೊಡ್ಡ ಸಂಸ್ಥೆಗಳಲ್ಲಿ 10. ಅಮೆರಿಕದ ಹಲವು ಸಂಸ್ಥೆಗಳು ಕೈಚೀಲದ ಅಳತೆ ನೋಡುತ್ತವೆ, ತೂಕ ಕೇಳುವುದಿಲ್ಲ. ಹಾರುವ ಶಾಸ್ತ್ರ ಎಲ್ಲ ಕಡೆಯೂ ಒಂದೇ ಆಗಿರುವಾಗ 7 ಎಲ್ಲಿ, 23 ಎಲ್ಲಿ?

ಈ ಮಿತಿಯ ಬಗ್ಗೆ ನಮ್ಮಲ್ಲಿ ಎರಡು ಮಾತು ಓಡಾಡುತ್ತವೆ. ಇದೆಲ್ಲ ಸುರಕ್ಷತೆಗಾಗಿ ಎನ್ನುವುದು ಒಂದು, ದುಡ್ಡು ಕೀಳುವುದಕ್ಕೆ ಹೂಡಿದ ಉಪಾಯ ಎನ್ನುವುದು ಇನ್ನೊಂದು. ಎರಡರಲ್ಲೂ ನಿಜವಿದೆ ಎಂದು ನನಗೆ ಅನಿಸುತ್ತದೆ. ಆದರೆ ಅವೆರಡೂ ಒಂದೇ ಸಂಗತಿಯ ಮೇಲೆ ಆಡಿದ ಮಾತುಗಳಲ್ಲ. ಚೀಲದ ಅಳತೆಗೆ ಹಾಕಿದ ಮಿತಿಗೆ ಒಂದು ನ್ಯಾಯವಿದೆ, ತೂಕಕ್ಕೆ ಹಾಕಿದ ಮಿತಿಗೆ ಅಷ್ಟೇ ಗಟ್ಟಿಯಾದ ನ್ಯಾಯ ಕಾಣುವುದಿಲ್ಲ, ಇವೆರಡನ್ನೂ ಜಾರಿಗೆ ತರುವ ರೀತಿಯದು ಮೂರನೆಯದೇ ಕಥೆ. ಮೂರನ್ನೂ ಒಂದೇ ಮೂಟೆ ಕಟ್ಟಿ ಜಗಳಕ್ಕೆ ನಿಲ್ಲುವುದರಿಂದ ಗೇಟಿನ ಹುಡುಗಿಯೂ ಸೋಲುತ್ತಾಳೆ, ಪ್ರಯಾಣಿಕರೂ ಸೋಲುತ್ತಾರೆ.

ಮೊದಲು ನಮ್ಮ ದೇಶದ ನಿಯಮ. ಒಬ್ಬರಿಗೆ ಒಂದೇ ಕೈಚೀಲ ಎನ್ನುವುದು ನಾಗರಿಕ ವಿಮಾನಯಾನ ಭದ್ರತಾ ಬ್ಯೂರೋ 2000ದಲ್ಲೇ ಹೊರಡಿಸಿದ ಸುತ್ತೋಲೆಯ ಮಾತು. ಮಹಿಳೆಯರ ಪರ್ಸು, ಲ್ಯಾಪ್‌ಟಾಪು, ಕೋಟು ಅಥವಾ ಶಾಲು, ಕೊಡೆ ಅಥವಾ ಊರುಗೋಲು, ಓದುವ ಪುಸ್ತಕ, ದಾರಿಯಲ್ಲಿ ಬೇಕಾಗುವ ಔಷಧ, ಮಗುವಿನ ಆಹಾರ ಇವೆಲ್ಲ ಆ ಒಂದರ ಲೆಕ್ಕಕ್ಕೆ ಸೇರುವುದಿಲ್ಲ. 2022ರ ಜನವರಿಯಲ್ಲಿ ತಪಾಸಣೆಯ ಸಾಲುಗಳು ಉದ್ದವಾಗುತ್ತಿವೆ ಎಂದು ಈ ನಿಯಮವನ್ನು ಮತ್ತೆ ಬಿಗಿಗೊಳಿಸಲು ಸೂಚನೆ ಬಂತು. 2024ರ ಡಿಸೆಂಬರಿನಲ್ಲಿ ಇದೇ ಸಂಗತಿ ಹೊಸ ಕಾನೂನು ಬಂದಂತೆ ಸುದ್ದಿಯಾಗಿ ಹರಡಿತು. ನಿಯಮ ಹಳೆಯದು, ಅದು ನೆನಪಾಗುವುದು ಮಾತ್ರ ಆಗಾಗ. ಅಳತೆಯ ವಿಷಯಕ್ಕೆ ಬಂದರೆ ಉದ್ದ, ಅಗಲ, ದಪ್ಪ ಮೂರನ್ನೂ ಕೂಡಿಸಿ 115 ಸೆಂಟಿಮೀಟರ್ ಮೀರಬಾರದು. 55, 35, 25 ಎಂದು ಅಂಗಡಿಯವರು ಹೇಳುವುದು ಇದನ್ನೇ. ಎಮಿರೇಟ್ಸ್‌ನಂಥ ಸಂಸ್ಥೆ ಕೂಡ ಭಾರತದಲ್ಲಿ ಹತ್ತುವವರಿಗೆ ಈ 115ರ ಲೆಕ್ಕವನ್ನು ಬೇರೆಯಾಗಿಯೇ ಹೇಳಿದೆ.

ಅಳತೆಯ ನ್ಯಾಯ ತಿಳಿಯಬೇಕಾದರೆ ಬೆಳಗಾವಿ ಕಡೆಗೆ ಓಡಾಡುವ ಸ್ಟಾರ್ ಏರ್‌ನ ಎಂಬ್ರೇಯರ್ 145 ವಿಮಾನದೊಳಗೆ ಹೋಗಿ ನೋಡಬೇಕು. ಐವತ್ತು ಸೀಟಿನ ಸಣ್ಣ ವಿಮಾನ. ನಡುವಿನ ದಾರಿಯ ಒಂದು ಪಕ್ಕ ಒಂಟಿ ಸೀಟು, ಇನ್ನೊಂದು ಪಕ್ಕ ಜೋಡಿ ಸೀಟು. ತಲೆಯ ಮೇಲೆ ಸಾಮಾನಿಡುವ ಗೂಡು ಇರುವುದು ಜೋಡಿ ಸೀಟಿನ ಕಡೆ ಮಾತ್ರ. ಎತ್ತರದವರು ಅಲ್ಲಿ ನೆಟ್ಟಗೆ ನಿಲ್ಲುವುದೇ ಕಷ್ಟ. ದೊಡ್ಡ ವಿಮಾನಕ್ಕೆ ಸರಿಹೊಂದುವ ಟ್ರಾಲಿಯನ್ನು ಆ ಗೂಡಿಗೆ ತುರುಕಲು ಹೋದರೆ ಬಾಗಿಲು ಮುಚ್ಚುವುದಿಲ್ಲ. ಇನ್ನು ಏರ್‌ಬಸ್ 320ರಲ್ಲಿ 180ಕ್ಕೂ ಹೆಚ್ಚು ಜನ ಕೂರುತ್ತಾರೆ. ಹಳೆಯ ಮಾದರಿಯ ಗೂಡುಗಳಿರುವ ವಿಮಾನದಲ್ಲಿ ಎಲ್ಲರೂ ನಿಯಮದ ಒಳಗಿನ ಪೂರ್ತಿ ಅಳತೆಯ ಟ್ರಾಲಿ ತಂದರೂ ಎಲ್ಲದಕ್ಕೂ ಜಾಗವಾಗುವುದಿಲ್ಲ. ಬೋಯಿಂಗ್ ತನ್ನ 737ಕ್ಕೆ ಹೊಸ ಗೂಡು ಮಾಡಿ, ಚೀಲವನ್ನು ಪಕ್ಕಕ್ಕೆ ತಿರುಗಿಸಿ ನಿಲ್ಲಿಸಿದರೆ ನಾಲ್ಕರ ಜಾಗದಲ್ಲಿ ಆರು ಕೂರುವಂತೆ ಮಾಡಿತು. ಕೊರತೆ ಇದ್ದದ್ದರಿಂದಲೇ ಆ ಹೊಸ ಗೂಡು ಬಂತು.

ಈ ಟ್ರಾಲಿಯ ಹುಟ್ಟನ್ನೂ ಇಲ್ಲಿ ನೆನೆಯಬೇಕು. ರಾಬರ್ಟ್ ಪ್ಲಾತ್ ಎಂಬ ಅಮೆರಿಕದ ಪೈಲಟ್ 1987ರ ಸುಮಾರಿಗೆ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ, ಕೆಳಗೆ ಎರಡು ಚಕ್ರ, ಮೇಲೆ ಎಳೆಯುವ ಹಿಡಿ ಇಟ್ಟರು. ಮೊದಲು ಕೊಂಡವರು ವಿಮಾನದ ಸಿಬ್ಬಂದಿ. ಅವರು ಎಳೆದುಕೊಂಡು ಹೋಗುವುದನ್ನು ಕಂಡ ಪ್ರಯಾಣಿಕರೂ ಅದನ್ನೇ ಕೇಳತೊಡಗಿದರು. ಕೈಯಲ್ಲಿ ಹೊರುವಾಗ ಚೀಲದ ಭಾರಕ್ಕೆ ನಮ್ಮ ತೋಳೇ ಮಿತಿ ಹಾಕುತ್ತಿತ್ತು. ಚಕ್ರ ಬಂದ ಮೇಲೆ ಆ ಮಿತಿ ಹೋಯಿತು, ಲೆಕ್ಕ ಇಡುವ ಕೆಲಸ ವಿಮಾನ ಸಂಸ್ಥೆಯ ಪಾಲಿಗೆ ಬಂತು.

ಅಳತೆಯ ಪರವಾಗಿ ಇನ್ನೊಂದು ಮಾತು ಇದೆ. ಉಳಿದೆಲ್ಲಕ್ಕಿಂತ ಇದನ್ನು ನಾನು ದೊಡ್ಡದಾಗಿ ಎಣಿಸುತ್ತೇನೆ. 2016ರ ಆಗಸ್ಟ್ 3ರಂದು ತಿರುವನಂತಪುರದಿಂದ ಹೋದ ಎಮಿರೇಟ್ಸ್ ವಿಮಾನ ದುಬೈಯಲ್ಲಿ ಇಳಿಯುವಾಗ ರನ್‌ವೇಗೆ ಅಪ್ಪಳಿಸಿ ಬೆಂಕಿ ಹೊತ್ತಿಕೊಂಡಿತು. ಒಳಗಿದ್ದ 300 ಜನರೂ ಬದುಕಿ ಹೊರಬಂದರು. ಬೆಂಕಿ ಆರಿಸಲು ಬಂದ ಒಬ್ಬ ಅಗ್ನಿಶಾಮಕ ಸಿಬ್ಬಂದಿ ಪ್ರಾಣ ಕೊಟ್ಟರು. ಒಳಗೆ ಹೊಗೆ ತುಂಬುತ್ತಿರುವಾಗ ಪ್ರಯಾಣಿಕರು ಮೇಲಿನ ಗೂಡು ತೆರೆದು ಚೀಲಕ್ಕೆ ಕೈಹಾಕುತ್ತಿದ್ದ ವಿಡಿಯೊ ಆಮೇಲೆ ಲೋಕವೆಲ್ಲ ನೋಡಿತು. ಅಲ್ಲಿದ್ದವರಲ್ಲಿ ಬಹಳ ಜನ ನಮ್ಮವರೇ, ಕೇರಳದಿಂದ ಕೊಲ್ಲಿಗೆ ದುಡಿಯಲು ಹೊರಟವರು. ಪಾಸ್‌ಪೋರ್ಟು, ಕೆಲಸದ ಕಾಗದ, ವರ್ಷಗಳ ದುಡಿಮೆ ಆ ಚೀಲದಲ್ಲಿರುತ್ತದೆ ಎಂಬುದನ್ನು ಮರೆತು ಅವರನ್ನು ಬೈಯುವುದು ಸುಲಭ. ಆದರೆ ಹಿಂದೆ ನಿಂತವರ ಉಸಿರಿಗೆ ಆ ಕಾರಣಗಳಿಂದ ಏನೂ ಸಿಗುವುದಿಲ್ಲ. ಅರ್ಧದಷ್ಟು ಬಾಗಿಲುಗಳಿಂದ ತೊಂಬತ್ತು ಸೆಕೆಂಡಿನಲ್ಲಿ ಎಲ್ಲರನ್ನೂ ಹೊರಗೆ ಕಳಿಸಿ ತೋರಿಸಿದರೆ ಮಾತ್ರ ದೊಡ್ಡ ವಿಮಾನದ ಹೊಸ ಮಾದರಿಗೆ ಒಪ್ಪಿಗೆ ಸಿಗುತ್ತದೆ. ಆ ಲೆಕ್ಕದಲ್ಲಿ ಟ್ರಾಲಿ ಎಳೆದುಕೊಂಡು ಬರುವ ಪ್ರಯಾಣಿಕ ಇಲ್ಲ. 2024ರ ಜನವರಿ 2ರಂದು ಟೋಕಿಯೊದ ಹನೇಡಾದಲ್ಲಿ ಜಪಾನ್ ಏರ್‌ಲೈನ್ಸ್ ವಿಮಾನಕ್ಕೆ ಬೆಂಕಿ ಬಿದ್ದಾಗ 379 ಜನರೂ ಹೊರಬಂದರು. ಚೀಲಗಳನ್ನು ಅಲ್ಲೇ ಬಿಟ್ಟು ಬಂದರು ಎನ್ನುವುದನ್ನೇ ಎಲ್ಲರೂ ಎತ್ತಿ ಹೇಳಿದರು. ಒಳಗೆ ಚೀಲಗಳು ಕಡಿಮೆಯಿದ್ದಷ್ಟೂ, ಸಣ್ಣವಾಗಿದ್ದಷ್ಟೂ ಅಂಥ ಗಳಿಗೆಯಲ್ಲಿ ಅಡ್ಡಿ ಕಡಿಮೆ.

ಅಳತೆಯ ಪರ ನಾನು ಇಷ್ಟು ಖಚಿತ. ತೂಕದ ವಿಷಯದಲ್ಲಿ ಈ ಖಚಿತತೆ ನನಗಿಲ್ಲ.

ವಿಮಾನದ ಒಟ್ಟು ಭಾರ ಮೀರಬಾರದು, ಅದಕ್ಕೇ 7 ಕಿಲೋ ಎಂದು ಗೇಟಿನಲ್ಲಿ ಹೇಳುವುದನ್ನು ಕೇಳಿದ್ದೇನೆ. ಒಟ್ಟು ಭಾರ ಸಣ್ಣ ವಿಷಯವಲ್ಲ. 2003ರ ಜನವರಿ 8ರಂದು ಅಮೆರಿಕದ ಷಾರ್ಲಟ್‌ನಲ್ಲಿ ಹತ್ತೊಂಬತ್ತು ಸೀಟಿನ ಪುಟ್ಟ ವಿಮಾನವೊಂದು ಮೇಲೇರುತ್ತಲೇ ಬಿದ್ದು 21 ಜನ ಸತ್ತರು. ಬಾಲದ ನಿಯಂತ್ರಣವನ್ನು ರಿಪೇರಿಯಲ್ಲಿ ತಪ್ಪಾಗಿ ಜೋಡಿಸಿದ್ದು ಒಂದು ಕಾರಣ. ಪ್ರಯಾಣಿಕರು ಮತ್ತು ಲಗೇಜಿನ ಸರಾಸರಿ ತೂಕಕ್ಕೆ ಹಳೆಯ ಅಂಕಿ ಬಳಸಿದ್ದರಿಂದ ವಿಮಾನ ಕಾಗದದ ಮೇಲಿದ್ದುದಕ್ಕಿಂತ ಭಾರವಾಗಿತ್ತು, ಭಾರವೆಲ್ಲ ಹಿಂದಕ್ಕೆ ವಾಲಿತ್ತು ಎನ್ನುವುದು ಇನ್ನೊಂದು. ಆಮೇಲೆ ಅಲ್ಲಿ ಸರಾಸರಿ ತೂಕವನ್ನೇ ಹೆಚ್ಚಿಸಿದರು. ಅಂದರೆ ವಿಮಾನ ಸಣ್ಣದಾದಷ್ಟೂ ಒಂದೊಂದು ಕಿಲೋಗೂ ಬೆಲೆಯಿದೆ. ಎಂಬ್ರೇಯರ್ 145, ಎಟಿಆರ್‌ನಂಥ ಸಣ್ಣ ವಿಮಾನದಲ್ಲಿ ಸಿಬ್ಬಂದಿ ತೂಕ ಕೇಳಿದರೆ ನಾನು ಮರುಮಾತಿಲ್ಲದೆ ಚೀಲ ತಕ್ಕಡಿಯ ಮೇಲಿಡುತ್ತೇನೆ.

ಆದರೆ 180 ಸೀಟಿನ ವಿಮಾನದ ಗೇಟಿನಲ್ಲಿ ನಡೆಯುವುದು ಬೇರೆ. ಒಂಬತ್ತು ಕಿಲೋ ಇದ್ದ ಚೀಲಕ್ಕೆ ಹೆಚ್ಚುವರಿ ದುಡ್ಡು ಕಟ್ಟಿದರೆ ಅದೇ ಒಂಬತ್ತು ಕಿಲೋ ಅದೇ ವಿಮಾನದಲ್ಲಿ ಹೋಗುತ್ತದೆ, ಹೆಚ್ಚೆಂದರೆ ಕೆಳಗಿನ ಹೊಟ್ಟೆಗೆ. ಒಟ್ಟು ಭಾರ ಹಾಗೆಯೇ ಉಳಿಯಿತು. ಹಾಗಾಗಿ ಒಟ್ಟು ಭಾರದ ವಾದವನ್ನು ಇಲ್ಲಿ ಮುಂದಿಡುವುದು ಸರಿಯಲ್ಲ. ತೂಕದ ಮಿತಿಗೆ ನಿಜವಾಗಿ ಆಧಾರವಾಗಬಲ್ಲ ಕಾರಣಗಳು ಬೇರೆ ಇವೆ. ಪ್ರತಿ ಗೂಡಿಗೂ ಇಷ್ಟೇ ಕಿಲೋ ಎಂಬ ಮಿತಿ ಇರುತ್ತದೆ, ಅದನ್ನು ಒಳಗೆ ಚೀಟಿಯಲ್ಲಿ ಅಂಟಿಸಿರುತ್ತಾರೆ. ಗಾಳಿ ಕೆಟ್ಟು ವಿಮಾನ ಕುಲುಕಿದಾಗಲೋ, ಇಳಿದ ಮೇಲೆ ಅವಸರದಲ್ಲಿ ಬಾಗಿಲು ತೆಗೆದಾಗಲೋ ಹತ್ತು ಹನ್ನೆರಡು ಕಿಲೋ ಪೆಟ್ಟಿಗೆ ದಾರಿಯ ಪಕ್ಕದ ಸೀಟಿನವರ ತಲೆಯ ಮೇಲೆ ಬಿದ್ದರೆ ಏನಾಗುತ್ತದೆಂದು ಹೇಳಬೇಕಿಲ್ಲ. ಸಿಬ್ಬಂದಿಯ ಬೆನ್ನಿನ ಮಾತೂ ಇದೆ. ದಿನಕ್ಕೆ ನಾಲ್ಕು ಹಾರಾಟ ಮಾಡುವ ಹುಡುಗಿಗೆ ಪ್ರತಿ ಸಲವೂ ಯಾರೋ ಒಬ್ಬರು ‘ಸ್ವಲ್ಪ ಮೇಲಿಡಮ್ಮಾ’ ಎನ್ನುತ್ತಾರೆ. ವಯಸ್ಸಾದವರಾದರೆ ಅವಳಿಗೆ ಇಲ್ಲ ಎನ್ನಲು ಮನಸ್ಸು ಬರುವುದಿಲ್ಲ. 23 ಕಿಲೋ ಒಪ್ಪುವ ಸಂಸ್ಥೆ ‘ನೀವೇ ಎತ್ತಬೇಕು’ ಎಂದು ಷರತ್ತು ಹಾಕಿದ್ದು ಇದೇ ಕಾರಣಕ್ಕೆ. ಈ ಕಾರಣಗಳನ್ನು ಹೇಳಿದರೆ ಜನ ಒಪ್ಪುತ್ತಾರೆ. ಒಪ್ಪದೆ ಇರುವುದು, ಕಾರಣ ಒಂದನ್ನು ಹೇಳಿ ರಸೀದಿ ಇನ್ನೊಂದಕ್ಕೆ ಹರಿದಾಗ.

ದುಡ್ಡಿನ ಕಥೆಗೆ ಅಮೆರಿಕದ ಕಡೆ ನೋಡಬೇಕು. 2008ರಲ್ಲಿ ಇಂಧನದ ಬೆಲೆ ಏರಿದಾಗ ಅಮೆರಿಕನ್ ಏರ್‌ಲೈನ್ಸ್ ಮೊದಲ ಚೆಕ್‌ಇನ್ ಚೀಲಕ್ಕೇ 15 ಡಾಲರ್ ಕೇಳಿತು, ಬೇರೆಯವರೂ ಹಿಂಬಾಲಿಸಿದರು. ಕೆಳಗೆ ಹಾಕಲು ದುಡ್ಡು, ಮೇಲೆ ಒಯ್ಯಲು ಪುಕ್ಕಟೆ ಎಂದಾದರೆ ಜನ ಮೇಲೆಯೇ ಒಯ್ಯುತ್ತಾರೆ. ಗೂಡುಗಳು ತುಂಬಿದ್ದಕ್ಕೆ ಪ್ರಯಾಣಿಕರ ದುರಾಸೆಯನ್ನಷ್ಟೇ ಹಳಿಯುವವರು ಇದನ್ನು ನೆನಪಿಡಬೇಕು. 2010ರಲ್ಲಿ ಸ್ಪಿರಿಟ್ ಏರ್‌ಲೈನ್ಸ್ ಮೇಲಿನ ಗೂಡಿಗೂ ದರ ಇಟ್ಟಿತು. ನಮ್ಮಲ್ಲಿ 2016ರಲ್ಲಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು 15ರಿಂದ 20 ಕಿಲೋ ನಡುವಿನ ಹೆಚ್ಚುವರಿ ಚೆಕ್‌ಇನ್ ಲಗೇಜಿಗೆ ಕಿಲೋಗೆ 100 ರೂಪಾಯಿಗಿಂತ ಹೆಚ್ಚು ಕೇಳಬಾರದು ಎಂದಿತು. ಸಂಸ್ಥೆಗಳು ನ್ಯಾಯಾಲಯಕ್ಕೆ ಹೋದವು, 2017ರಲ್ಲಿ ದೆಹಲಿ ಹೈಕೋರ್ಟು ಆ ಆದೇಶವನ್ನು ರದ್ದುಮಾಡಿತು. 2021ರ ಫೆಬ್ರುವರಿಯಲ್ಲಿ, ಕೈಚೀಲ ಮಾತ್ರ ಒಯ್ಯುವವರಿಗೆ ಟಿಕೆಟ್ ಅಗ್ಗವಾಗಿ ಕೊಡಲು ಸಂಸ್ಥೆಗಳಿಗೆ ಅನುಮತಿ ಸಿಕ್ಕಿತು.

ಇಲ್ಲಿ ಸಂಸ್ಥೆಗಳ ಮಾತನ್ನೂ ಮನಸ್ಸಿಟ್ಟು ಕೇಳಬೇಕು. ಬೆಳಗ್ಗೆ ಹುಬ್ಬಳ್ಳಿಯಿಂದ ಹೊರಟು ಬೆಂಗಳೂರಿನಲ್ಲಿ ಹೈಕೋರ್ಟಿನ ಕೆಲಸ ಮುಗಿಸಿ ಸಂಜೆ ಮರಳುವ ವಕೀಲರೊಬ್ಬರ ಕೈಯಲ್ಲಿ ಫೈಲಿನ ಚೀಲ ಬಿಟ್ಟರೆ ಏನೂ ಇರುವುದಿಲ್ಲ. ಇನ್ನೊಬ್ಬರ 15 ಕಿಲೋ ಪೆಟ್ಟಿಗೆಯ ಖರ್ಚನ್ನು ಅವರ ಟಿಕೆಟಿನಲ್ಲಿ ಯಾಕೆ ಸೇರಿಸಬೇಕು? ಬಳಸಿದವರು ಕೊಡಲಿ ಎನ್ನುವುದು ಅನ್ಯಾಯದ ಮಾತಲ್ಲ. ಕಡಿಮೆ ದರದ ವಿಮಾನ ಬಂದದ್ದರಿಂದಲೇ ನಮ್ಮ ಎಷ್ಟೋ ಮನೆಗಳ ಹಿರಿಯರು ಮೊದಲ ಸಲ ವಿಮಾನ ಹತ್ತಿದರು. ಆ ದರ ನಿಂತಿರುವುದು ವಿಮಾನ ಎಷ್ಟು ಬೇಗ ಜನರನ್ನು ಇಳಿಸಿ ಹತ್ತಿಸಿ ಮತ್ತೆ ಹಾರುತ್ತದೆ ಎನ್ನುವುದರ ಮೇಲೆ. ದಾರಿಯಲ್ಲಿ ನಿಂತು ಗೂಡಿನಿಂದ ಗೂಡಿಗೆ ಜಾಗ ಹುಡುಕುವ ಪ್ರತಿಯೊಬ್ಬರೂ ಆ ಲೆಕ್ಕವನ್ನು ಕೆಡಿಸುತ್ತಾರೆ.

ಯುರೋಪಿನಲ್ಲಿ ಇದೇ ವಾದ ನ್ಯಾಯಾಲಯದ ಮೆಟ್ಟಿಲೇರಿ ಇನ್ನೂ ಇಳಿದಿಲ್ಲ. 2014ರಲ್ಲಿ ಐರೋಪ್ಯ ಒಕ್ಕೂಟದ ನ್ಯಾಯಾಲಯ, ಸ್ಪೇನಿನ ವ್ಯುಯೆಲಿಂಗ್ ಸಂಸ್ಥೆಯ ಪ್ರಕರಣದಲ್ಲಿ, ಚೆಕ್‌ಇನ್ ಚೀಲಕ್ಕೆ ದುಡ್ಡು ಕೇಳಬಹುದು, ಆದರೆ ತೂಕ ಮತ್ತು ಅಳತೆ ಸಮಂಜಸವಾಗಿರುವ ಕೈಚೀಲ ಪ್ರಯಾಣದ ಅನಿವಾರ್ಯ ಭಾಗ, ಅದಕ್ಕೆ ಬೇರೆ ದರ ಹಾಕುವಂತಿಲ್ಲ ಎಂದಿತು. ಸಮಂಜಸ ಎಂದರೆ ಎಷ್ಟು ಎಂದು ಹೇಳಲಿಲ್ಲ. ಅಲ್ಲಿಂದ ಮುಂದೆ ಸೀಟಿನ ಕೆಳಗೆ ಹಿಡಿಸುವ ಪುಟ್ಟ ಚೀಲಕ್ಕೆ ಮಾತ್ರ ಪುಕ್ಕಟೆ ಎನ್ನುವ ಪದ್ಧತಿ ಬೆಳೆಯಿತು. 2024ರ ನವೆಂಬರಿನಲ್ಲಿ ಸ್ಪೇನ್ ಸರ್ಕಾರ ಐದು ಸಂಸ್ಥೆಗಳಿಗೆ ಒಟ್ಟು 17.9 ಕೋಟಿ ಯೂರೋ ದಂಡ ಹಾಕಿತು. ಸಂಸ್ಥೆಗಳು ಒಪ್ಪಲಿಲ್ಲ. 2025ರಲ್ಲಿ ಯುರೋಪಿಯನ್ ಆಯೋಗ, ದರ ನಿಗದಿ ಮಾಡುವ ಸ್ವಾತಂತ್ರ್ಯ ಸಂಸ್ಥೆಗಳಿಗಿದೆ ಎಂಬ ನೆಲೆಯಲ್ಲಿ ಸ್ಪೇನಿನ ವಿರುದ್ಧವೇ ಕ್ರಮಕ್ಕೆ ಮುಂದಾಯಿತು. ಐರೋಪ್ಯ ಸಂಸತ್ತಿನ ಸಾರಿಗೆ ಸಮಿತಿ ಅದೇ ವರ್ಷದ ಜೂನ್‌ನಲ್ಲಿ, ಪುಟ್ಟ ಚೀಲದ ಜೊತೆಗೆ 7 ಕಿಲೋದ ಇನ್ನೊಂದು ಕೈಚೀಲವೂ ಪುಕ್ಕಟೆ ಇರಲಿ ಎಂದು ಮತ ಹಾಕಿತ್ತು. ಒಂದೇ ಒಕ್ಕೂಟದೊಳಗೆ ಇಷ್ಟು ದನಿಗಳಿರುವಾಗ, ಇದರಲ್ಲಿ ಒಂದು ಪಕ್ಷ ಪೂರ್ತಿ ಸರಿ ಎಂದು ಹೇಳುವ ಧೈರ್ಯ ನನಗಿಲ್ಲ. ಆದರೆ ಒಂದು ಪದ್ಧತಿ ತಪ್ಪು ಎಂದು ನಿಸ್ಸಂಶಯವಾಗಿ ಹೇಳುತ್ತೇನೆ. ಅಲ್ಲಿನ ರಯನ್‌ಏರ್ ಸಂಸ್ಥೆ ತನ್ನ ಸಿಬ್ಬಂದಿಗೆ ದೊಡ್ಡ ಚೀಲ ಹಿಡಿದುಕೊಟ್ಟರೆ ಚೀಲಕ್ಕೆ ಇಷ್ಟು ಎಂದು ಇನಾಮು ಕೊಡುತ್ತದೆ. ಒಂದೂವರೆ ಯೂರೋ ಇದ್ದದ್ದನ್ನು 2025ರಲ್ಲಿ ಎರಡೂವರೆಗೆ ಏರಿಸಿತು. ಅಳೆಯುವವರಿಗೆ ಅಳತೆ ಮೀರುವುದರಲ್ಲೇ ಲಾಭವಿದ್ದರೆ, ಅವರು ಎಷ್ಟು ಪ್ರಾಮಾಣಿಕರಾಗಿದ್ದರೂ ಪ್ರಯಾಣಿಕರಿಗೆ ಆ ಅಳತೆಯ ಮೇಲೆ ನಂಬಿಕೆ ಹುಟ್ಟುವುದಿಲ್ಲ.

ಪ್ರಯಾಣಿಕರ ಕಡೆಯ ಮಾತಿಗೆ ಬರುತ್ತೇನೆ. ಕೆಳಗೆ ಹಾಕಲು 15 ಕಿಲೋ ಅವಕಾಶ ಇದ್ದರೂ ಜನ ಎಲ್ಲವನ್ನೂ ಕೈಯಲ್ಲೇ ಒಯ್ಯುವುದೇಕೆ? ಮೊದಲ ಕಾರಣ ಇಳಿದ ಮೇಲಿನ ಕಾಯುವಿಕೆ. ಕೊನೆಯ ಚೀಲ ಅರ್ಧ ಗಂಟೆಯೊಳಗೆ ಬೆಲ್ಟಿಗೆ ಬರಬೇಕು ಎಂದು 2024ರ ಫೆಬ್ರುವರಿಯಲ್ಲಿ ಭದ್ರತಾ ಬ್ಯೂರೋ ಏಳು ಸಂಸ್ಥೆಗಳಿಗೆ ತಾಕೀತು ಮಾಡಬೇಕಾಯಿತು. ಎರಡನೆಯದು ಭಯ. ಚಿನ್ನ, ನಗದು, ಔಷಧ, ಮುಖ್ಯ ಕಾಗದ, ಲ್ಯಾಪ್‌ಟಾಪು ಯಾವುದನ್ನೂ ಚೆಕ್‌ಇನ್ ಪೆಟ್ಟಿಗೆಯಲ್ಲಿ ಇಡಬೇಡಿ, ಇಟ್ಟರೆ ನಮ್ಮ ಹೊಣೆಯಲ್ಲ ಎಂದು ಸಂಸ್ಥೆಗಳೇ ಬರೆದಿರುತ್ತವೆ. ದೇಶದೊಳಗೆ ಪೆಟ್ಟಿಗೆ ಕಳೆದುಹೋದರೆ ಪ್ರಯಾಣಿಕರ ಸನ್ನದಿನ ಪ್ರಕಾರ ಸಿಗುವ ಪರಿಹಾರಕ್ಕೆ 20,000 ರೂಪಾಯಿಯ ಮೇಲ್ಮಿತಿ. ಮದುವೆಗೆ ಹೊರಟ ಮನೆಯೊಂದರ ಲೆಕ್ಕ ಹಾಕಿ ನೋಡಿ. ಒಡವೆಯ ಡಬ್ಬಿ, ಧಾರೆ ಸೀರೆ, ಅಜ್ಜನ ಮಾತ್ರೆ, ಮಗುವಿನ ಹಾಲಿನ ಪುಡಿ, ಒಂದು ಲ್ಯಾಪ್‌ಟಾಪು. ಜರಿ ಸೀರೆ ನಾಲ್ಕು ಇಟ್ಟರೆ ಅದೇ ಮೂರು ಕಿಲೋದ ಹತ್ತಿರ. ಕೆಳಗೆ ಇಡಬೇಡಿ ಎನ್ನುವವರೂ ಸಂಸ್ಥೆಯವರೇ, ಮೇಲೆ ಏಳು ದಾಟಬಾರದು ಎನ್ನುವವರೂ ಅವರೇ. ಈ ಇಕ್ಕಟ್ಟು ನಿಜವಾದದ್ದು. ಇದಕ್ಕೆ ಸಂಸ್ಥೆಗಳ ಕಡೆಯಿಂದ ನ್ಯಾಯವಾದ ಉತ್ತರ ನನಗೆ ಸಿಕ್ಕಿಲ್ಲ.

ಖಾಲಿ ಟ್ರಾಲಿಯ ತೂಕವನ್ನೂ ಇದಕ್ಕೆ ಸೇರಿಸಬೇಕು. ಗಟ್ಟಿ ಚಿಪ್ಪಿನ, ನಾಲ್ಕು ಚಕ್ರದ ಕ್ಯಾಬಿನ್ ಟ್ರಾಲಿ ಏನೂ ತುಂಬದೆಯೇ ಎರಡೂವರೆ, ಮೂರು ಕಿಲೋ ತೂಗುತ್ತದೆ. ಏಳರಲ್ಲಿ ಉಳಿಯುವುದು ನಾಲ್ಕು. ಬಟ್ಟೆಯ ಹೆಗಲುಚೀಲವಾದರೆ ಒಂದು ಕಿಲೋ ಒಳಗೇ ಮುಗಿಯುತ್ತದೆ. ಅಂಗಡಿಗಳಲ್ಲಿ ಮಾತ್ರ ‘ಕ್ಯಾಬಿನ್ ಸೈಜ್’ ಎಂದು ದೊಡ್ಡದಾಗಿ ಬರೆದಿರುತ್ತದೆ, ಖಾಲಿ ತೂಕವನ್ನು ಹುಡುಕಿ ಓದಬೇಕು.

ಬೆಂಗಳೂರಿನ ಎರಡನೇ ಟರ್ಮಿನಲ್‌ನಲ್ಲಿ ನನ್ನ ಮುಂದಿನ ಸಾಲಿನಲ್ಲಿ ಹಿರಿಯ ದಂಪತಿ ಇದ್ದರು, ಅಮೆರಿಕದಲ್ಲಿರುವ ಮಗಳ ಬಾಣಂತನಕ್ಕೆ ಹೊರಟವರು. ದೊಡ್ಡ ಪೆಟ್ಟಿಗೆಗಳು ಬೆಲ್ಟಿನ ಮೇಲೆ ಹೋದ ಮೇಲೆ ಕೌಂಟರಿನ ಹುಡುಗಿ ಕೈಚೀಲ ಕೇಳಿದಳು. ಒಂಬತ್ತೂವರೆ ತೋರಿಸಿತು. “ಅಮ್ಮಾ, ಎರಡೂವರೆ ಕೆಜಿ ಜಾಸ್ತಿ ಇದೆ. ಸ್ವಲ್ಪ ತೆಗೀಬೇಕಾಗತ್ತೆ” ಎಂದಳು. “ತಗದು ಎಲ್ಲಿ ಇಡ್ಲಿ ಯವ್ವಾ? ದೊಡ್ಡ ಬ್ಯಾಗು ಆಗಲೇ ಒಳಗ ಹೋತಲ್ಲ” ಎಂದರು ಆಕೆ. ಹುಡುಗಿಗೂ ಉತ್ತರ ತಿಳಿಯಲಿಲ್ಲ. ಚೀಲ ಬಿಚ್ಚಿದರು. ಶೇಂಗಾ ಚಟ್ನಿಪುಡಿಯ ಎರಡು ಪೊಟ್ಟಣ, ಬಟ್ಟೆಯಲ್ಲಿ ಸುತ್ತಿದ ಕಡಕ್ ರೊಟ್ಟಿ, ಬಿಪಿ ನೋಡುವ ಯಂತ್ರ, ಆಸ್ಪತ್ರೆಯ ದಪ್ಪ ಫೈಲು. ಯಜಮಾನರು ಯಂತ್ರವನ್ನು ಕೋಟಿನ ಜೇಬಿಗೆ ಹಾಕಿಕೊಂಡರು, ಆಕೆ ಶಾಲನ್ನು ಹೆಗಲಿಗೇರಿಸಿ ಫೈಲನ್ನು ಕಂಕುಳಲ್ಲಿ ಇಟ್ಟುಕೊಂಡರು, ರೊಟ್ಟಿ ಕೈಯಲ್ಲಿ ಬಂತು. ತಕ್ಕಡಿ ಏಳಕ್ಕೆ ಇಳಿಯಿತು, ಹುಡುಗಿ ಟ್ಯಾಗು ಕಟ್ಟಿದಳು. ವಿಮಾನದೊಳಗೆ ಹೋದ ಭಾರ ಒಂದು ಗ್ರಾಮೂ ಬದಲಾಗಲಿಲ್ಲ. ಆ ಹುಡುಗಿಯ ಮೇಲೆ ನನಗೆ ಯಾವ ದೂರೂ ಇಲ್ಲ, ಅವಳಿಗೆ ಹೇಳಿಕೊಟ್ಟದ್ದನ್ನು ಅವಳು ಆದಷ್ಟು ಮೃದುವಾಗಿ ಮಾಡಿದಳು. ತಪ್ಪಿರುವುದು ಕ್ರಮದಲ್ಲಿ. ದೊಡ್ಡ ಪೆಟ್ಟಿಗೆ ಕಳಿಸುವ ಮೊದಲೇ ಕೈಚೀಲ ತೂಗಿದ್ದರೆ ಎರಡು ನಿಮಿಷದಲ್ಲಿ ಅಲ್ಲಿಂದ ಇಲ್ಲಿಗೆ ಬದಲಾಯಿಸಿಕೊಳ್ಳುತ್ತಿದ್ದರು.

ಅಂದಹಾಗೆ, ಅಮೆರಿಕಕ್ಕೆ ಹೋಗುವವರು ಪುಡಿಗಳ ನಿಯಮವನ್ನೂ ತಿಳಿದಿರಬೇಕು. 2018ರ ಜೂನ್ 30ರಿಂದ ಅಲ್ಲಿಗೆ ಹೋಗುವ ವಿಮಾನಗಳಲ್ಲಿ ಕೈಚೀಲದ ಪುಡಿ ಸುಮಾರು 350 ಮಿಲಿಲೀಟರ್ ಅಳತೆ ದಾಟಿದರೆ ಹೆಚ್ಚಿನ ತಪಾಸಣೆಯಾಗುತ್ತದೆ, ಸಂಶಯ ತೀರದಿದ್ದರೆ ಬಿಟ್ಟು ಹೋಗಬೇಕಾಗುತ್ತದೆ. ಸಾರಿನ ಪುಡಿ, ಚಟ್ನಿಪುಡಿ, ಹುರಿಹಿಟ್ಟು ಕೆಳಗಿನ ಪೆಟ್ಟಿಗೆಯಲ್ಲೇ ಇರಲಿ. ಕೊಬ್ಬರಿ ಮಾತ್ರ ಎಲ್ಲೂ ಬೇಡ. ತಿಪಟೂರಿನದಾಗಲಿ ಎಲ್ಲಿಯದಾಗಲಿ, ಎಣ್ಣೆಯ ಅಂಶದಿಂದ ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಹುದಾದ ಸರಕೆಂದು ಅದನ್ನು ಅಪಾಯಕಾರಿ ವಸ್ತುಗಳ ಪಟ್ಟಿಯಲ್ಲಿಟ್ಟಿದ್ದಾರೆ. ಇಡೀ ತೆಂಗಿನಕಾಯಿಗೂ ಕ್ಯಾಬಿನ್‌ನಲ್ಲಿ ತಡೆಯಿದೆ. ಆದರೂ 2024ರ ಅಕ್ಟೋಬರಿನಲ್ಲಿ, ಇರುಮುಡಿ ಹೊತ್ತ ಶಬರಿಮಲೆ ಯಾತ್ರಿಗಳಿಗೆಂದು ಮುಂದಿನ ಜನವರಿ 20ರ ತನಕ ವಿನಾಯಿತಿ ಕೊಟ್ಟರು, ತಪಾಸಣೆ ಮುಗಿಸಿಯೇ ಒಳಗೆ ಬಿಟ್ಟರು. ಜನರ ನಿಜವಾದ ಅಗತ್ಯ ಕಂಡಾಗ ಸುರಕ್ಷತೆ ಬಿಡದೆಯೂ ನಿಯಮ ಬಾಗಬಲ್ಲದು ಎನ್ನಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಆದರೆ ಅಗತ್ಯವಿಲ್ಲದೆಯೂ ಮಿತಿ ಮೀರುವವರು ನಮ್ಮಲ್ಲಿ ಕಡಿಮೆಯೇನಲ್ಲ. ಟ್ರಾಲಿ, ಬೆನ್ನಚೀಲ, ಲ್ಯಾಪ್‌ಟಾಪ್ ಚೀಲ ಮೂರನ್ನೂ ತರುವವರು, ತೂಗುವ ಹೊತ್ತಿಗೆ ಒಂದನ್ನು ಪಕ್ಕದ ಗೆಳೆಯನ ಕೈಗೆ ದಾಟಿಸುವವರು, ಕತ್ತಿನ ದಿಂಬಿನ ಹತ್ತಿ ತೆಗೆದು ಬಟ್ಟೆ ತುಂಬುವವರು. ನಾಲ್ಕನೇ ಸಾಲಿನ ಗೂಡಿಗೆ ಚೀಲ ಎಸೆದು ಇಪ್ಪತ್ತನೇ ಸಾಲಿಗೆ ಹೋಗಿ ಕೂರುವವರನ್ನು ಕಂಡರೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ಸಂಸ್ಥೆಗೆ ಅದರಿಂದ ನಷ್ಟವೇನಿಲ್ಲ. ನಷ್ಟ, ಕೊನೆಗೆ ಹತ್ತಿದ ನಾಲ್ಕನೇ ಸಾಲಿನವರಿಗೆ. ಅವರು ಒಂದೇ ಚೀಲ, ಸರಿಯಾದ ಅಳತೆಯದ್ದು ತಂದಿರುತ್ತಾರೆ, ಗೂಡು ತುಂಬಿದೆ ಎಂದು ಅವರದನ್ನೇ ಕೆಳಗೆ ಕಳಿಸುತ್ತಾರೆ. ಮೇಲಿನ ಜಾಗ ಎಲ್ಲರದೂ ಆಗಿರುವುದರಿಂದ, ಒಬ್ಬರು ತಪ್ಪಿಸಿದ ನಿಯಮದ ಬೆಲೆಯನ್ನು ಪಾಲಿಸಿದವರು ತೆರುತ್ತಾರೆ.

ಸಿಟ್ಟು ಎಲ್ಲಿಗೆ ಹೋಗಿ ಮುಟ್ಟಬಹುದು ಎನ್ನುವುದನ್ನು 2025ರ ಜುಲೈ 26ರಂದು ಶ್ರೀನಗರದಲ್ಲಿ ಕಂಡೆವು. ಒಟ್ಟು 16 ಕಿಲೋದ ಎರಡು ಕ್ಯಾಬಿನ್ ಚೀಲ ತಂದಿದ್ದ ಸೇನಾ ಅಧಿಕಾರಿಯೊಬ್ಬರು, ಹೆಚ್ಚುವರಿ ಹಣ ಕೇಳಿದ್ದಕ್ಕೆ ನಾಲ್ವರು ಸಿಬ್ಬಂದಿಯನ್ನು ಥಳಿಸಿದರು, ಒಬ್ಬರ ಬೆನ್ನುಮೂಳೆಗೂ ಪೆಟ್ಟಾಯಿತು ಎಂದು ಸ್ಪೈಸ್‌ಜೆಟ್ ಹೇಳಿತು. ಮಿತಿ ಎಷ್ಟೇ ಅನ್ಯಾಯ ಅನಿಸಲಿ, ಅದನ್ನು ಮಾಡಿದವರು ಕೌಂಟರಿನಲ್ಲಿ ನಿಂತವರಲ್ಲ. ಹೆಚ್ಚಿನವರು ಸಣ್ಣ ಸಂಬಳಕ್ಕೆ ರಾತ್ರಿಪಾಳಿ ಮಾಡುವ ಇಪ್ಪತ್ತರ ಹರೆಯದ ಮಕ್ಕಳು.

ಹಾಗಾದರೆ ನಾನು ಕೇಳುವುದೇನು? ಅಳತೆಯಲ್ಲಿ ರಿಯಾಯಿತಿ ಬೇಡ. ಒಂದು ಚೀಲ, 115 ಸೆಂಟಿಮೀಟರ್, ಸಣ್ಣ ವಿಮಾನಕ್ಕೆ ಇನ್ನೂ ಸಣ್ಣದು, ಮೊದಲು ಬಂದವರಿಗೂ ಕೊನೆಗೆ ಬಂದವರಿಗೂ, ಕೋಟು ಹಾಕಿದವರಿಗೂ ಪಂಚೆ ಉಟ್ಟವರಿಗೂ ಒಂದೇ. ಇಂದು ಒಂದು ಗೇಟಿನಲ್ಲಿ ತೂಗುತ್ತಾರೆ, ನಾಳೆ ಅದೇ ಸಂಸ್ಥೆಯ ಇನ್ನೊಂದು ಗೇಟಿನಲ್ಲಿ ಕಣ್ಣೆತ್ತಿ ನೋಡುವುದಿಲ್ಲ. ಜನರಲ್ಲಿ ‘ನೋಡೋಣ, ಬಿಟ್ಟರೆ ಬಿಟ್ಟರು’ ಎಂಬ ಜೂಜಿನ ಬುದ್ಧಿ ಬೆಳೆಸಿದ್ದು ಈ ಏರುಪೇರೇ. ಎಲ್ಲ ದೇಶಕ್ಕೂ ಒಂದೇ ಅಳತೆ ತರಲು ಅಂತರರಾಷ್ಟ್ರೀಯ ವಿಮಾನ ಸಂಸ್ಥೆಗಳ ಒಕ್ಕೂಟ 2015ರ ಜೂನ್‌ನಲ್ಲಿ 55, 35, 20 ಎಂದು ಸೂಚಿಸಿತ್ತು. ಉತ್ತರ ಅಮೆರಿಕದಲ್ಲಿ ವಿರೋಧ ಬಂದು ಕೆಲವೇ ದಿನಗಳಲ್ಲಿ ಕೈಬಿಟ್ಟಿತು. ಲೋಕಕ್ಕೆಲ್ಲ ಆಗದಿದ್ದರೂ ನಮ್ಮ ದೇಶದೊಳಗೆ ಅಳತೆಯ ಲೆಕ್ಕ ಈಗಾಗಲೇ ಒಂದೇ ಇದೆ, ಪಾಲನೆಯೂ ಒಂದೇ ಆಗಬೇಕು.

ತೂಕದಲ್ಲಿ ಮಾತ್ರ ಸಡಿಲಿಕೆ ಬೇಕು. ದೊಡ್ಡ ವಿಮಾನಗಳಲ್ಲಿ ಹತ್ತು ಕಿಲೋ ತನಕ ಬಿಡುವುದು ಅಸಾಧ್ಯವೇನಲ್ಲ, ಬೇರೆ ದೇಶದವರು ಬಿಟ್ಟಿದ್ದಾರೆ. ಹತ್ತು ಕಿಲೋ ಕೊಟ್ಟರೆ ಜನ ಹನ್ನೆರಡು ತರುತ್ತಾರೆ ಎನ್ನುವ ಆಕ್ಷೇಪ ಪೊಳ್ಳಲ್ಲ. ಆದರೆ ಅಳತೆ ಬಿಗಿಯಾಗಿದ್ದರೆ ಅದರೊಳಗೆ ತುಂಬುವುದಕ್ಕೂ ಒಂದು ಕೊನೆಯಿದೆ. ಗಂಡ ಹೆಂಡತಿ ಮಕ್ಕಳು ಒಂದೇ ಟಿಕೆಟಿನಲ್ಲಿ ಹೋಗುವಾಗ ಒಬ್ಬರದು ಒಂಬತ್ತು, ಇನ್ನೊಬ್ಬರದು ನಾಲ್ಕು ಇದ್ದರೆ ಕೂಡಿಸಿ ನೋಡುವಷ್ಟು ಉದಾರತೆಯಾದರೂ ಇರಲಿ. ದುಡ್ಡು ವಸೂಲಿಗೆ ಆಧಾರವಾಗುವ ತಕ್ಕಡಿಗೆ, ದಿನಸಿ ಅಂಗಡಿಯ ತಕ್ಕಡಿಗೆ ಇರುವ ಹಾಗೆ, ಕಾನೂನು ಮಾಪನ ಇಲಾಖೆಯ ಮುದ್ರೆ ಕಾಣುವಂತಿರಬೇಕು. ಪ್ರಯಾಣಿಕರು ಅದನ್ನು ಕೇಳಿ ನೋಡುವುದರಲ್ಲಿ ತಪ್ಪಿಲ್ಲ.

ಕೊನೆಯದಾಗಿ, ಗೇಟಿನಲ್ಲಿ ಚೀಲ ಕೆಳಗೆ ಕಳಿಸಬೇಕಾಗಿ ಬಂದವರಿಗೆ ಒಂದು ಮಾತು. ಅದರೊಳಗಿನ ಪವರ್ ಬ್ಯಾಂಕ್ ತೆಗೆದು ನಿಮ್ಮ ಕೈಯಲ್ಲೇ ಇಟ್ಟುಕೊಳ್ಳಿ, ಲಿಥಿಯಂ ಬ್ಯಾಟರಿಯ ಈ ಸಾಧನಕ್ಕೆ ಕೆಳಗೆ ಅನುಮತಿಯಿಲ್ಲ. 2025ರ ಜನವರಿ 28ರಂದು ದಕ್ಷಿಣ ಕೊರಿಯಾದಲ್ಲಿ ನಿಂತಿದ್ದ ಏರ್ ಬುಸಾನ್ ವಿಮಾನದ ಮೇಲಿನ ಗೂಡಿನಲ್ಲೇ ಬೆಂಕಿ ಹುಟ್ಟಿ, ಪವರ್ ಬ್ಯಾಂಕ್ ಮೇಲೆ ಸಂಶಯ ಬಂದಿತ್ತು. ಹಾಗೆ ಬೆಂಕಿ ಹುಟ್ಟಿದರೂ ಮೇಲಾದರೆ ಹೊಗೆ ಯಾರ ಕಣ್ಣಿಗಾದರೂ ಬೀಳುತ್ತದೆ, ಕೆಳಗಿನ ಹೊಟ್ಟೆಯಲ್ಲಿ ನೋಡುವವರಿಲ್ಲ. ಮಾತ್ರೆ, ಕಾಗದ, ಒಡವೆಯನ್ನೂ ಮರೆಯದೆ ತೆಗೆದುಕೊಳ್ಳಿ. ಅದಕ್ಕೆಂದೇ ಒಂದು ಮಡಿಚುವ ಬಟ್ಟೆಚೀಲ ಮೇಲಿನ ಜೇಬಿನಲ್ಲಿರಲಿ. ಚೀಲ ಒಯ್ಯುವ ಸಿಬ್ಬಂದಿ ‘ಪವರ್ ಬ್ಯಾಂಕ್ ಇದೆಯಾ?’ ಎಂದು ಕೇಳದಿದ್ದರೆ ನೀವೇ ಹೇಳಿ.